ಪುಸ್ತಕದ ಸ್ವರ ಓದಲು ಬರುತ್ತದೆ, ಶ್ರುತಿ ಮಾತ್ರ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹೊಸ ಹಾಡುಗಾರ್ತಿ (ಹಾಸನ)

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಕರ್ನಾಟಕ ಸಂಗೀತ ಕಲಿಯಲು ಶುರು ಮಾಡಿ ಎಂಟು ತಿಂಗಳಾಯಿತು. ವಾರಕ್ಕೆ ಎರಡು ದಿನ ಪಾಠ. ಚಿಕ್ಕಂದಿನಿಂದ ಆಸೆ ಇತ್ತು, ಮಗ ಕಾಲೇಜಿಗೆ ಹೋದ ಮೇಲೆ ಸಮಯ ಸಿಕ್ಕಿತು. ಸರಳೆ ವರಸೆ (ಮೊದಲ ಸ್ವರಪಾಠ) ಎಲ್ಲ ಬಾಯಿಗೆ ಬಂದಿದೆ. ಆದರೂ ಮೇಡಂ ಮುಂದಿನ ಪಾಠವಾದ ಜಂಟಿ ವರಸೆಗೆ (ಜೋಡಿ ಸ್ವರಗಳು) ಬಿಡುತ್ತಿಲ್ಲ.

ಪುಸ್ತಕ ಮುಂದಿಟ್ಟುಕೊಂಡರೆ ಗಡಗಡ ಓದುತ್ತೇನೆ. ತಂಬೂರಿ ಆಪ್ ಹಾಕಿದ ಕೂಡಲೇ ಎಲ್ಲ ಕೈಬಿಟ್ಟು ಹೋಗುತ್ತದೆ. ಹತ್ತುವಾಗ ಪರವಾಗಿಲ್ಲ. ಇಳಿದು ಬಂದು ಕೆಳಗಿನ ಸ ಮುಟ್ಟುವ ಹೊತ್ತಿಗೆ ಶ್ರುತಿಗಿಂತ ಕೆಳಗೆ ಜಾರಿರುತ್ತೇನೆ. "ರಿ ತಗ್ಗಿಸಿ, ಇನ್ನೂ ತಗ್ಗಿಸಿ" ಎಂದು ಮೇಡಂ ದಿನವೂ ಹೇಳುತ್ತಾರೆ. ನನ್ನ ಕಿವಿಗೆ ಅದು ಸರಿಯಾಗಿಯೇ ಕೇಳುತ್ತದೆ! ಎರಡನೇ ಕಾಲಕ್ಕೆ ಬಂದರೆ ಸ್ವರದ ಜೊತೆ ತಾಳದ ಕೈಯೂ ಓಡುತ್ತದೆ.

ಇನ್ನು ತೀರಾ ಸಣ್ಣ ಪ್ರಶ್ನೆಗಳು. "ನಿಮ್ಮದು ಐದೂವರೆ ಮನೆ" ಎಂದರು. ಮನೆ ಅಂದರೆ ಏನು? ಪುಸ್ತಕದ ಮೊದಲ ಪುಟದಲ್ಲಿ "ಮಾಯಾಮಾಳವಗೌಳ, 15ನೇ ಮೇಳ" ಎಂದಿದೆ. ಯಾವ 15? ಕೆಲವು ಕಡೆ ಅಲ್ಪವಿರಾಮ, ಅರ್ಧವಿರಾಮ, ಸ್ವರದ ತಲೆ ಮೇಲೆ ಗೆರೆ, ಚುಕ್ಕೆ. ಕ್ಲಾಸಿನಲ್ಲಿ ಹತ್ತು ಮಕ್ಕಳ ನಡುವೆ ನಾನೊಬ್ಬಳೇ ದೊಡ್ಡವಳು. ಎಲ್ಲವನ್ನೂ ಅಲ್ಲೇ ಕೇಳಲು ಸಂಕೋಚ ಆಗುತ್ತದೆ. ಬಲ್ಲವರು ಹೇಳಿಕೊಡಿ.


ವೀಣೆ ಮೇಡಂ (ಮೈಸೂರು)

ಸಂಕೋಚ ಬೇಡಮ್ಮ. ಇವೇ ಪ್ರಶ್ನೆಗಳನ್ನು ಹತ್ತು ವರ್ಷ ಕಲಿತವರೂ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ.

ಮೊದಲು ಮನೆ. ಹಾರ್ಮೋನಿಯಂನ ಬಿಳಿ ಪಟ್ಟಿಗಳನ್ನು ಒಂದರಿಂದ ಏಳರವರೆಗೆ ಎಣಿಸಿ. ಅದು ಒಂದು ಮನೆ, ಎರಡು ಮನೆ, ಹೀಗೆ. ನಡುವಿನ ಕಪ್ಪು ಪಟ್ಟಿಗಳು ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಮೂರು ಮತ್ತು ನಾಲ್ಕರ ನಡುವೆ ಕಪ್ಪು ಪಟ್ಟಿಯೇ ಇಲ್ಲ, ಹಾಗಾಗಿ ಮೂರೂವರೆ ಮನೆಯೂ ಇಲ್ಲ. ಹೆಂಗಸರ ಕಂಠ ಸಾಮಾನ್ಯವಾಗಿ ಐದರಿಂದ ಆರರ ಆಸುಪಾಸಿನಲ್ಲಿ ನಿಲ್ಲುತ್ತದೆ, ಗಂಡಸರದು ಒಂದರಿಂದ ಎರಡರ ಹತ್ತಿರ. ನಿಮ್ಮದು ಐದೂವರೆ ಎಂದರೆ ಆ ಕಪ್ಪು ಪಟ್ಟಿಯ ನಾದವೇ ನಿಮ್ಮ ಸ. ಇನ್ನೊಬ್ಬರ ಸ ಬೇರೆ ಕಡೆ ಇರುತ್ತದೆ. ನಮ್ಮ ಸಂಗೀತದಲ್ಲಿ ಸ ಎಂಬುದು ಒಂದು ಗೊತ್ತಾದ ಎತ್ತರ ಅಲ್ಲ. ನೀವು ಎಲ್ಲಿ ಕೂರುತ್ತೀರೋ ಅದೇ ಸ. ಉಳಿದ ಸ್ವರಗಳೆಲ್ಲ ಅದಕ್ಕೆ ಎಷ್ಟು ದೂರ ಎಂಬುದಷ್ಟೇ ಮುಖ್ಯ.

ಆ ದೂರ ಕಣ್ಣಿಗೆ ಕಾಣಬೇಕಾದರೆ ವೀಣೆ ನೋಡಿ. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಒಂದು ಸ್ಥಾಯಿಗೆ, ಅಂದರೆ ಸ-ದಿಂದ ಮೇಲಿನ ಸ-ವರೆಗೆ, 12. ಸಾರಣಿ ಎಂಬ ಮುಖ್ಯ ತಂತಿಯನ್ನು ಒತ್ತದೆ ಮೀಟಿದರೆ ಸ. ನಿಮ್ಮ ಮಾಯಾಮಾಳವಗೌಳದ ರಿ ಮೊದಲನೇ ಮೆಟ್ಟಿಲಲ್ಲೇ ಸಿಗುತ್ತದೆ. ಗ ನಾಲ್ಕನೆಯದು. ಮ ಐದು, ಪ ಏಳು, ದ ಎಂಟು, ನಿ ಹನ್ನೊಂದು, ಮೇಲಿನ ಸ ಹನ್ನೆರಡು. ಈಗ ನಡುವಿನ ಅಂತರ ನೋಡಿ. ಸ-ರಿ ಒಂದು ಮೆಟ್ಟಿಲು. ರಿ-ಗ ಮೂರು. ಗ-ಮ ಒಂದು. ಆಮೇಲೆ ಪ-ದ ಒಂದು, ದ-ನಿ ಮೂರು, ನಿ-ಸ ಒಂದು. ಕೆಳಗಿನ ಅರ್ಧದ ಅಚ್ಚೇ ಮೇಲಿನ ಅರ್ಧ. ಒಂದನ್ನು ಕಲಿತರೆ ಇನ್ನೊಂದು ಬಂದಂತೆ. ಪುರಂದರದಾಸರು ಮೊದಲ ಪಾಠಕ್ಕೆ ಈ ರಾಗವನ್ನೇ ಹಿಡಿದರು ಎಂದು ಪರಂಪರೆ ಹೇಳುತ್ತದೆ. ನನಗೆ ಆ ಆಯ್ಕೆ ಪ್ರತಿ ಸಲ ಪಾಠ ಹೇಳುವಾಗಲೂ ಸಂತೋಷ ಕೊಡುತ್ತದೆ. ಸಣ್ಣ ಹೆಜ್ಜೆ, ದೊಡ್ಡ ಹೆಜ್ಜೆ ಎರಡೂ ಮೊದಲ ದಿನವೇ ಕಂಠಕ್ಕೆ ಸಿಗುತ್ತವೆ.

ನಿಮ್ಮ ರಿ ಮೇಲೆ ಹೋಗುತ್ತಿರುವುದು ಎರಡನೇ ಮೆಟ್ಟಿಲಿಗೆ. ಅದು ಚತುಶ್ರುತಿ ರಿಷಭ. ನಾವು ಚಿಕ್ಕಂದಿನಿಂದ ಕೇಳಿದ ಎಷ್ಟೋ ಹಾಡುಗಳಲ್ಲಿ ಆ ರಿ ಇರುತ್ತದೆ, ಅದಕ್ಕೇ ಕಿವಿಗೆ ಅದೇ ಸರಿ ಅನ್ನಿಸುತ್ತದೆ. ತಪ್ಪು ಕಿವಿಯದಲ್ಲ, ಅಭ್ಯಾಸದ್ದು.

ಇಳಿಯುವಾಗ ಜಾರುವುದು ಎಲ್ಲಿ ಎಂದರೆ, ನನ್ನ ಅನುಭವದಲ್ಲಿ ನಿ-ದ ನಡುವೆ. ಅಲ್ಲಿ ಮೂರು ಮೆಟ್ಟಿಲು ಒಂದೇ ಸಲ ಇಳಿಯಬೇಕು. ಒಂದು ಕೂದಲೆಳೆ ಜಾಸ್ತಿ ಇಳಿದರೂ ದ ಕೆಳಗಾಯಿತು. ಅದರ ಬೆನ್ನಿಗೆ ಪ ಕೂಡ ಕೆಳಗಾಯಿತು. ಮುಂದಿನದ್ದನ್ನೆಲ್ಲ ಆ ತಪ್ಪು ಪ-ದಿಂದಲೇ ಅಳೆಯುತ್ತೀರಿ. ಆದ್ದರಿಂದ ಒಂದು ವಾರ ಹೀಗೆ ಮಾಡಿ. ಸ ನಿ ದ ಪ ಎಂದು ಇಳಿದು ಪ ಮೇಲೆ ನಿಂತುಬಿಡಿ. ತಂಬೂರಿಯ ಪ ಜೊತೆ ಸೇರಿತಾ ನೋಡಿ. ಸೇರುವವರೆಗೂ ಮ ಕಡೆ ಹೋಗಬೇಡಿ. ಪುಸ್ತಕ ಮುಚ್ಚಿಡಿ.


ಹೊಸ ಹಾಡುಗಾರ್ತಿ

ಮೇಡಂ, ಮೆಟ್ಟಿಲಿನ ಲೆಕ್ಕ ಓದಿ ಮನಸ್ಸು ಹಗುರ ಆಯಿತು. ಇಷ್ಟು ದಿನ ಏಳು ಸ್ವರ ಅಂದರೆ ಏಳು ಸಮನಾದ ಮೆಟ್ಟಿಲು ಎಂದುಕೊಂಡಿದ್ದೆ! ಪುಸ್ತಕದಲ್ಲಿ ಅಕ್ಷರಗಳನ್ನು ಸಮ ಅಂತರದಲ್ಲಿ ಬರೆದಿರುತ್ತಾರಲ್ಲ.

ಮನೆಯಲ್ಲಿ ತಾತನ ಹಾರ್ಮೋನಿಯಂ ಇದೆ, ಚೆನ್ನಾಗಿಯೇ ನುಡಿಯುತ್ತದೆ. ಗ ಸರಿ ಇದೆಯಾ ಎಂದು ಅದರಲ್ಲಿ ಒತ್ತಿ ನೋಡಬಹುದಾ?


ಕಂಪನಾಂಕ (ಬೆಂಗಳೂರು)

ಅಕ್ಕ, ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ, ಜೊತೆಗೆ ಪಿಟೀಲು ಕಲಿಯುತ್ತಿದ್ದೇನೆ. ಈ ಪ್ರಶ್ನೆ ನನ್ನ ಇಷ್ಟದ್ದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಐದೂವರೆ ಮನೆಯ ಹೆಂಗಸರ ಸ ಎಂದರೆ ಸೆಕೆಂಡಿಗೆ ಸುಮಾರು 208 ಕಂಪನ. ಲೆಕ್ಕ ಸುಲಭ ಆಗಲಿ ಎಂದು 200 ಎಂದುಕೊಳ್ಳೋಣ. ಮೇಲಿನ ಸ ಅದರ ಎರಡರಷ್ಟು, 400. ಕೆಳಗಿನ ಮಂದ್ರ ಸ ಅರ್ಧ, 100. ಪ ಎಂದರೆ ಒಂದೂವರೆ ಪಟ್ಟು, 300. ನಿಮ್ಮ ಮೇಡಂ ಕೇಳುತ್ತಿರುವ ಶುದ್ಧ ರಿಷಭ 213ರ ಹತ್ತಿರ. ನೀವು ಹಾಡುತ್ತಿರುವುದು 225ರ ಹತ್ತಿರ ಇರಬೇಕು.

ಈಗ ತಂಬೂರಿಗೆ ಬನ್ನಿ. ನಾಲ್ಕು ತಂತಿ. ಪ, ಸ, ಸ, ಕೊನೆಯದು ಮಂದ್ರ ಸ. ಆ ಮಂದ್ರ ತಂತಿ 100 ಕಂಪನದಲ್ಲಿ ಮಾತ್ರ ನುಡಿಯುವುದಿಲ್ಲ. ಅದೇ ತಂತಿಯೊಳಗೆ 200, 300, 400, 500 ಕೂಡ ಸಣ್ಣಗೆ ನುಡಿಯುತ್ತಿರುತ್ತವೆ. 200 ಸ. 300 ಪ. 400 ಮೇಲಿನ ಸ. ಹಾಗಾದರೆ 500 ಯಾರು? ಅದು 400ರ ಒಂದೂಕಾಲು ಪಟ್ಟು. ಅದೇ ಅಂತರ ಗಾಂಧಾರ, ನಿಮ್ಮ ಮಾಯಾಮಾಳವಗೌಳದ ಗ! ಯಾರೂ ಗ ಮೀಟಿಲ್ಲ, ಆದರೂ ಗ ಕೇಳುತ್ತದೆ. ಅದಕ್ಕೇ ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎಂದು ಕರೆದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತಾರಲ್ಲ, ಜೀವಾಳ, ಅದನ್ನು ಸರಿಯಾದ ಜಾಗಕ್ಕೆ ತಂದಾಗ ಈ ಒಳಗಿನ ನಾದಗಳೆಲ್ಲ ಅರಳುತ್ತವೆ.

ಹಾರ್ಮೋನಿಯಂ ಕಥೆ ಬೇರೆ. ಯಾವ ಪಟ್ಟಿಯನ್ನು ಸ ಮಾಡಿದರೂ ನಡೆಯಬೇಕು ಎಂದು ಸಾಮಾನ್ಯವಾಗಿ ಅದರಲ್ಲಿ ಹನ್ನೆರಡೂ ಹೆಜ್ಜೆಗಳನ್ನು ಸಮಪಾಲು ಮಾಡಿರುತ್ತಾರೆ. ಒಂದೊಂದು ಹೆಜ್ಜೆಗೂ ಕಂಪನ ಸುಮಾರು 1.0595 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಪ 299.66 ಆಗುತ್ತದೆ, ಅಂದರೆ ಹೆಚ್ಚು ಕಮ್ಮಿ ಸರಿಯೇ. ಆದರೆ ಮೇಲಿನ ಗ 500ರ ಬದಲು 504 ಆಗುತ್ತದೆ. ತಂಬೂರಿ ಹಾಕಿಕೊಂಡು ಹಾರ್ಮೋನಿಯಂನಲ್ಲಿ ಆ ಗ ಮೆತ್ತಗೆ ಒತ್ತಿ ಹಿಡಿಯಿರಿ. ನಾದ ಸೆಕೆಂಡಿಗೆ ನಾಲ್ಕು ಸಲ ಅಲೆಯಂತೆ ಎದ್ದು ಬೀಳುವುದು ಕೇಳಿಸಬಹುದು. 504ಕ್ಕೂ 500ಕ್ಕೂ ಇರುವ ವ್ಯತ್ಯಾಸವೇ ಆ ನಾಲ್ಕು.

ಹಾಗಾಗಿ ಸ ಹಿಡಿಯಲು, ಪ ನೋಡಲು ತಾತನ ಹಾರ್ಮೋನಿಯಂ ಧಾರಾಳವಾಗಿ ಬಳಸಿ. ಗ ಮಾತ್ರ ತಂಬೂರಿಯಿಂದಲೇ ಕಲಿಯಿರಿ. ಅಲೆ ಪೂರ್ತಿ ನಿಂತು ನಿಮ್ಮ ದನಿ ತಂಬೂರಿಯೊಳಗೆ ಕರಗಿತು ಅನ್ನಿಸಿದರೆ ಅದೇ ಸರಿಯಾದ ಜಾಗ.


ಧಾರವಾಡ ಗಾಳಿ (ಧಾರವಾಡ)

ಹಾರ್ಮೋನಿಯಂ ಮಾತು ಬಂದಿದ್ದಕ್ಕೆ ಒಂದೆರಡು ಸಾಲು. ನಮ್ಮ ಹಿಂದೂಸ್ತಾನಿ ಕಡೆ "ಐದೂವರೆ ಮನೆ" ಅನ್ನುವುದಿಲ್ಲ. ಕಪ್ಪು ಪಟ್ಟಿಗಳನ್ನೇ ಬೇರೆ ಎಣಿಸಿ "ಕಪ್ಪು ನಾಲ್ಕು" ಅನ್ನುತ್ತೇವೆ. ಯಕ್ಷಗಾನದ ಭಾಗವತರೂ ಹೀಗೇ ಬಿಳಿ ಇಷ್ಟು, ಕಪ್ಪು ಇಷ್ಟು ಅನ್ನುವುದನ್ನು ಕೇಳಿದ್ದೇನೆ. ಎರಡೂ ಒಂದೇ ಪಟ್ಟಿ.

ಇದಕ್ಕಿಂತ ಜಾಸ್ತಿ ಗೊಂದಲ ಮಾಡುವುದು "ಶುದ್ಧ" ಅನ್ನುವ ಪದ. ಕರ್ನಾಟಕ ಪದ್ಧತಿಯ ಶುದ್ಧ ರಿಷಭಕ್ಕೆ ನಾವು ಕೋಮಲ ರಿಷಭ ಅನ್ನುತ್ತೇವೆ. ನಮ್ಮ ಶುದ್ಧ ರಿಷಭ ನಿಮ್ಮ ಚತುಶ್ರುತಿ. ಹಾಡುಗಾರ್ತಿಯವರೇ, ನೀವು ವಿಡಿಯೋ ನೋಡಿ ಕಲಿಯುತ್ತೀರಾ? ಅಲ್ಲಿ ಯಾರಾದರೂ ಹಿಂದೂಸ್ತಾನಿಯವರು "ಶುದ್ಧ ರೇ" ಅಂದಿದ್ದನ್ನು ಕೇಳಿ ನಿಮ್ಮ ಪುಸ್ತಕದ ಶುದ್ಧ ರಿ ಹಾಡಿದರೆ ಖಂಡಿತ ಮೇಲೆ ಹೋಗುತ್ತದೆ. ನಿಮ್ಮ ಮಾಯಾಮಾಳವಗೌಳದ ಸ್ವರಗಳು ನಮ್ಮ ಭೈರವ ಥಾಟಿನವು (ಥಾಟ್ ಎಂದರೆ ರಾಗಗಳ ಮೂಲ ಸ್ವರಗುಚ್ಛ). ನಮ್ಮಲ್ಲಿ ಬರೆಯುವಾಗ ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ತಲೆ ಮೇಲೆ ಉದ್ದಗೆರೆ ಹಾಕುತ್ತೇವೆ, ಭಾತಖಂಡೆಯವರ ಪದ್ಧತಿ. ಕರ್ನಾಟಕ ಪುಸ್ತಕದಲ್ಲಿ ಆ ಗುರುತು ಇರುವುದಿಲ್ಲ. ರಾಗದ ಹೆಸರು ಮೇಲೆ ಬರೆದಿರುತ್ತದೆ, ಯಾವ ರಿ ಎಂದು ನೀವೇ ತಿಳಿದುಕೊಳ್ಳಬೇಕು.


ಹೊಸ ಹಾಡುಗಾರ್ತಿ

ಹೌದು ರೀ! ವಿಡಿಯೋ ನೋಡಿಯೇ ಸಂಜೆ ಅಭ್ಯಾಸ ಮಾಡುತ್ತಿದ್ದೆ. ಹಾಡುತ್ತಿದ್ದವರು ಹಿಂದೂಸ್ತಾನಿಯವರೇ. ಎಂಟು ತಿಂಗಳ ಒಗಟು ಇವತ್ತು ಬಿಡಿಸಿತು.


ತಕಧಿಮಿ (ತುಮಕೂರು)

ತಾಳದ ಪ್ರಶ್ನೆ ಯಾರೂ ಮುಟ್ಟಿಲ್ಲ. ನಾನು ಮೃದಂಗ ನುಡಿಸುತ್ತೇನೆ, ಇದು ನನ್ನ ಪಾಲು.

ಆದಿತಾಳದಲ್ಲಿ ಎಂಟು ಅಕ್ಷರ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಇದು ಲಘು, ನಾಲ್ಕು ಅಕ್ಷರ. ಆಮೇಲೆ ತಟ್ಟಿ ಕೈ ಮಗುಚಿದರೆ ಒಂದು ದ್ರುತ, ಎರಡು ಅಕ್ಷರ. ಇನ್ನೊಮ್ಮೆ ತಟ್ಟಿ ಮಗುಚಿದರೆ ಇನ್ನೊಂದು ದ್ರುತ. 4+2+2. ಇದು ಒಂದು ಆವರ್ತ. ಪುಸ್ತಕದಲ್ಲಿ ಒಂಟಿ ಗೆರೆ ಬಂದಲ್ಲೆಲ್ಲ ಒಂದು ಅಂಗ (ಲಘು ಅಥವಾ ದ್ರುತ) ಮುಗಿಯಿತು ಎಂದರ್ಥ. ಜೋಡಿ ಗೆರೆ ಬಂದರೆ ಆವರ್ತ ಮುಗಿಯಿತು.

ಮೊದಲ ಸರಳೆಯಲ್ಲಿ ಹತ್ತಲು ಎಂಟು ಸ್ವರ, ಇಳಿಯಲು ಎಂಟು, ಒಟ್ಟು 16. ಅಕ್ಷರಕ್ಕೆ ಒಂದು ಸ್ವರ ಹಾಡಿದರೆ ಮೊದಲನೇ ಕಾಲ, ಎರಡು ಆವರ್ತ ಬೇಕು. ಅಕ್ಷರಕ್ಕೆ ಎರಡು ಹಾಡಿದರೆ ಎರಡನೇ ಕಾಲ, ಒಂದೇ ಆವರ್ತದಲ್ಲಿ ಮುಗಿಯುತ್ತದೆ. ಅಕ್ಷರಕ್ಕೆ ನಾಲ್ಕು ಹಾಡಿದರೆ ಮೂರನೇ ಕಾಲ, ಅರ್ಧ ಆವರ್ತ ಸಾಕು. ಅದಕ್ಕೇ ಮೂರನೇ ಕಾಲದಲ್ಲಿ ಅದನ್ನೇ ಎರಡು ಸಲ ಹಾಡಿ ಆವರ್ತ ತುಂಬುತ್ತೇವೆ. ಕೈ ಸೆಕೆಂಡಿಗೆ ಒಂದರಂತೆ ಬೀಳುತ್ತಿದ್ದರೆ ಮೊದಲ ಕಾಲಕ್ಕೆ 16 ಸೆಕೆಂಡು, ಎರಡಕ್ಕೆ 8, ಮೂರಕ್ಕೆ 4.

ಇದರಲ್ಲಿ ಕೈ ಎಲ್ಲೂ ಬದಲಾಗಲಿಲ್ಲ, ಗಮನಿಸಿದಿರಾ? "ಎರಡನೇ ಕಾಲ ಅಂದರೆ ಬೇಗ ಹಾಡುವುದು" ಎಂದು ತಲೆಯಲ್ಲಿ ಕೂತಿರುತ್ತದೆ, ಹಾಗಾಗಿ ಕೈಯೂ ಬೇಗ ಓಡುತ್ತದೆ. ಹಾಗಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಅದರ ಪಾಡಿಗೆ ಇರುತ್ತದೆ. ಒಂದು ಟಿಕ್‌ಗೆ ನೀವು ಎಷ್ಟು ಸ್ವರ ಇಡುತ್ತೀರಿ ಎನ್ನುವುದಷ್ಟೇ ಬದಲಾಗುತ್ತದೆ. ಗಡಿಯಾರದ ಮುಂದೆ ಕೂತು ಸ್ವರ ಬಿಟ್ಟುಬಿಡಿ. ಬರೀ "ತಕ ತಕ" ಹೇಳುತ್ತಾ ತಾಳ ಹಾಕಿ. ಆಮೇಲೆ "ತಕಧಿಮಿ ತಕಧಿಮಿ". ಅದಾದ ಮೇಲೆ ಒಂದು ಆವರ್ತ "ತಕ", ಒಂದು ಆವರ್ತ "ತಕಧಿಮಿ", ಮತ್ತೆ "ತಕ". ಕಾಲ ಬದಲಾಗುವ ಜಾಗದಲ್ಲಿ ಕೈ ಕೊಂಚವೂ ಅಳ್ಳಾಡಬಾರದು. ಇದು ಬಂದ ದಿನ ಸ್ವರ ಸೇರಿಸಿ.


ಕನ್ನಡ ಮೇಷ್ಟ್ರು (ಶಿವಮೊಗ್ಗ)

ತಕಧಿಮಿಯವರೇ, ಒಂದು ಸಣ್ಣ ಸಂದೇಹ. ನಾನು ಪ್ರೌಢಶಾಲೆಯಲ್ಲಿ ಛಂದಸ್ಸು ಪಾಠ ಮಾಡುತ್ತೇನೆ. ನಮ್ಮಲ್ಲಿ ಲಘು ಎಂದರೆ ಒಂದು ಮಾತ್ರೆ, ಗುರು ಎಂದರೆ ಎರಡು. ನೀವು ಲಘು ಎಂದರೆ ನಾಲ್ಕು ಅನ್ನುತ್ತೀರಿ. ಸಂಗೀತ ಕಲಿಯುವ ಮಕ್ಕಳು ಪರೀಕ್ಷೆಯಲ್ಲಿ ಇವೆರಡನ್ನೂ ಬೆರೆಸಿಬಿಡುತ್ತಾರೆ.


ತಕಧಿಮಿ

ಮೇಷ್ಟ್ರೇ, ಒಳ್ಳೆ ಪ್ರಶ್ನೆ. ಹೆಸರು ಒಂದೇ, ಅಳತೆ ಬೇರೆ. ತಾಳದ ಲಘುವಿಗೆ ಗೊತ್ತಾದ ಉದ್ದ ಇಲ್ಲ. ಜಾತಿ ನೋಡಿ ಹೇಳಬೇಕು. ತಿಶ್ರ ಜಾತಿಯಾದರೆ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ಸೂಳಾದಿ ತಾಳಗಳನ್ನು ಈ ಐದು ಜಾತಿಗಳಿಂದ ಗುಣಿಸಿದರೆ 35 ತಾಳ. ನಮ್ಮ ಆದಿತಾಳ ಎಂದರೆ ಚತುರಶ್ರ ಜಾತಿ ತ್ರಿಪುಟ, ಅಷ್ಟೇ. ಸೂಳಾದಿ ಎಂಬ ಹೆಸರು ಹರಿದಾಸರ ಸೂಳಾದಿಗಳನ್ನು ನೆನಪಿಸುತ್ತದೆ, ಅಲ್ವಾ?

ಹೆಸರಿನ ಗೊಂದಲ ಇನ್ನೊಂದಿದೆ. ನಮ್ಮ ರೂಪಕ 2+4, ಆರು ಅಕ್ಷರ. ಧಾರವಾಡದವರ ರೂಪಕ ಏಳು ಮಾತ್ರೆ.


ಧಾರವಾಡ ಗಾಳಿ

ಹೌದು, 3+2+2. ಅದೂ ಖಾಲಿಯಿಂದ (ತಟ್ಟದೆ ಕೈ ಬೀಸುವ ಮಾತ್ರೆ) ಶುರುವಾಗುತ್ತದೆ.


ಕನ್ನಡ ಮೇಷ್ಟ್ರು

ಹಾಗಿದ್ದರೆ ಒಂದು ವಿಷಯ ಹೇಳಲೇಬೇಕು. ನಿಮ್ಮ ಜಾತಿಗಳನ್ನು ಓದುತ್ತಿದ್ದ ಹಾಗೆ ನನಗೆ ನಮ್ಮ ಷಟ್ಪದಿಗಳೇ ಕಣ್ಣ ಮುಂದೆ ಬಂದವು. ಭೋಗ ಷಟ್ಪದಿ ಮೂರು ಮೂರು ಮಾತ್ರೆಯ ಗಣಗಳಲ್ಲಿ ನಡೆಯುತ್ತದೆ. ಶರ ಷಟ್ಪದಿ ನಾಲ್ಕು ನಾಲ್ಕು. ಕುಸುಮ ಐದು ಐದು. ಭಾಮಿನಿ ಮೂರು ನಾಲ್ಕು, ಮೂರು ನಾಲ್ಕು, ಅಂದರೆ ಏಳರ ನಡೆ. ತಿಶ್ರ, ಚತುರಶ್ರ, ಖಂಡ, ಮಿಶ್ರ ನಾಲ್ಕೂ ಕನ್ನಡದ ಮಕ್ಕಳ ಬಾಯಲ್ಲಿ ಆಗಲೇ ಇವೆ! ಕುಮಾರವ್ಯಾಸನ ಭಾಮಿನಿಯನ್ನು ಗಮಕಿಗಳು ಓದುವುದನ್ನು ಕೇಳಿದವರಿಗೆ ಏಳರ ನಡೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಡುಗಾರ್ತಿಯವರೇ, ತರಗತಿಗೆಂದು ನಾನೇ ಕಟ್ಟಿದ ಎರಡು ಸಾಲು ಇದು. ಕೈತಟ್ಟಿಕೊಂಡು ಹೇಳಿ ನೋಡಿ.

ಮಳೆಯು ಬಂದರೆ ಕೆರೆಯು ತುಂಬಿತು
ಹೊಲದ ರಾಗಿಯು ನಗುತ ನಿಂತಿತು

"ಮಳೆಯು" ಮೂರು, "ಬಂದರೆ" ನಾಲ್ಕು, "ಕೆರೆಯು" ಮೂರು, "ತುಂಬಿತು" ನಾಲ್ಕು. "ಬಂ", "ತುಂ" ಎರಡೆರಡು ಮಾತ್ರೆ. ಗಣ ಶುರುವಾಗುವ ಕಡೆ ಒಂದೊಂದು ತಟ್ಟು ಹಾಕಿ. ಒಂದು ತಟ್ಟಿನ ಜಾಗ ಚಿಕ್ಕದು, ಇನ್ನೊಂದರದು ಸ್ವಲ್ಪ ದೊಡ್ಡದು.


ತಕಧಿಮಿ

ಮೇಷ್ಟ್ರೇ, ಇದು ನಮ್ಮ ಏಳರ ತಾಳ, ಅಪ್ಪಟ ಮಿಶ್ರ ಚಾಪು! ತಕಿಟ ತಕಧಿಮಿ, ತಕಿಟ ತಕಧಿಮಿ. ನನ್ನ ಶಿಷ್ಯರಿಗೆ ನಾಳೆಯಿಂದ ಇದನ್ನೇ ಹೇಳಿಸುತ್ತೇನೆ, ಅನುಮತಿ ಕೊಡಿ.


ಬಾಯಿಪಾಠ (ಚಿಕ್ಕಮಗಳೂರು)

ಎಲ್ಲ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ನಮ್ಮ ಅಜ್ಜಿಯಿಂದ ಕಲಿತೆ. ಅವರು ಹಾಡುತ್ತಿದ್ದರು, ನಾವು ತಿರುಗಿ ಹಾಡುತ್ತಿದ್ದೆವು. ಪುಸ್ತಕ ಕಂಡೇ ಇರಲಿಲ್ಲ. ಶ್ರುತಿ ತಪ್ಪಿದರೆ ಅಜ್ಜಿ ನಿಲ್ಲಿಸುತ್ತಿದ್ದರು, ಅಷ್ಟೇ. ಪುಸ್ತಕ ನೋಡಿ ಹಾಡಿದರೆ ಕಣ್ಣು ಮುಂದೆ ಹೋಗುತ್ತದೆ, ಕಿವಿ ಹಿಂದೆ ಬೀಳುತ್ತದೆ. ಈ ಅಕ್ಕನಿಗೆ ಆಗಿರುವುದೂ ಅದೇ. ಸ್ವರ ಬರೆಯುವುದು, ಓದುವುದು ಹೊಸಬರಿಗೆ ಬೇಡವೇ ಬೇಡ ಅನ್ನುತ್ತೇನೆ.


ವೀಣೆ ಮೇಡಂ

ನಿಮ್ಮ ಮಾತಿನ ಮೊದಲ ಅರ್ಧ ಒಪ್ಪುತ್ತೇನೆ. ನಾನೂ ಪುಸ್ತಕ ಮುಚ್ಚಿಡಿ ಎಂದೆ. ಆದರೆ ಬೇಡವೇ ಬೇಡ ಅನ್ನುವುದನ್ನು ಒಪ್ಪಲಾರೆ. ಎಲ್ಲರ ಮನೆಯಲ್ಲೂ ಹಾಡುವ ಅಜ್ಜಿ ಇರುವುದಿಲ್ಲ. ವಾರಕ್ಕೆ ಎರಡು ದಿನ ಪಾಠ ಇರುವವರಿಗೆ ಉಳಿದ ಐದು ದಿನ ನೆನಪಿಗೆ ಏನಾದರೂ ಬೇಕಲ್ಲ. 1904ರಲ್ಲಿ ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರು ಅಷ್ಟು ದೊಡ್ಡ ಗ್ರಂಥದಲ್ಲಿ ಸ್ವರ ಹಾಕಿ, ಗಮಕಕ್ಕೂ (ಸ್ವರವನ್ನು ತೂಗಿಸುವ ರೀತಿ) ಬೇರೆ ಬೇರೆ ಗುರುತು ಮಾಡಿ ಬರೆದಿಡದಿದ್ದರೆ ಮುತ್ತುಸ್ವಾಮಿ ದೀಕ್ಷಿತರ ಎಷ್ಟೋ ಕೃತಿಗಳ ಹಳೆಯ ರೂಪ ನಮಗೆ ಸಿಗುತ್ತಿತ್ತಾ?

ಬರಹಕ್ಕೆ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂದು ತಿಳಿದು ಓದಬೇಕು. ತೋಡಿ ರಾಗದ ಗ ತೆಗೆದುಕೊಳ್ಳಿ. ಪುಸ್ತಕದಲ್ಲಿ ಸುಮ್ನೆ "ಗ" ಎಂದಿರುತ್ತದೆ. ಹಾಡುವಾಗ ಅದು ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ, ರಿಗೂ ಮಗೂ ನಡುವೆ ತೂಗುತ್ತದೆ. ಅದೇ ಸ್ವರಗಳನ್ನು ಕೀಬೋರ್ಡಿನಲ್ಲಿ ನೆಟ್ಟಗೆ ಒತ್ತಿದರೆ ತೋಡಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ತೂಗು ಗುರುವಿನ ಬಾಯಿಂದಲೇ ಬರಬೇಕು. ಆದರೆ ಎಷ್ಟು ಅಕ್ಷರ, ಯಾವ ಅಂಗದಲ್ಲಿ ಯಾವ ಸ್ವರ ಎಂಬುದನ್ನು ಪುಸ್ತಕ ಚೆನ್ನಾಗಿಯೇ ಹಿಡಿದಿಡುತ್ತದೆ.

ಹಾಡುಗಾರ್ತಿಯವರು ಗುರುತುಗಳನ್ನು ಕೇಳಿದ್ದರು, ಹೇಳಿಬಿಡುತ್ತೇನೆ. "ಸ" ಒಂದು ಅಕ್ಷರ ಕಾಲ. "ಸಾ" ಎರಡು. ಅಲ್ಪವಿರಾಮ ಬಂದರೆ ಹಿಂದಿನ ಸ್ವರವನ್ನು ಇನ್ನೊಂದು ಅಕ್ಷರ ಎಳೆಯಿರಿ, ಅರ್ಧವಿರಾಮ ಬಂದರೆ ಎರಡು. ಹಾಗಾಗಿ "ಸಾ ," ಮೂರು, "ಸಾ ;" ನಾಲ್ಕು. ನಿಲ್ಲಿಸಿ ಉಸಿರು ತೆಗೆದುಕೊಳ್ಳಿ ಎಂದು ಅರ್ಥ ಅಲ್ಲ! ಪದ್ಯ ಓದುವ ಅಭ್ಯಾಸದಿಂದ ಎಲ್ಲರೂ ಅಲ್ಲಿ ನಿಲ್ಲಿಸುತ್ತಾರೆ. ತಲೆ ಮೇಲೆ ಚುಕ್ಕೆ ಇದ್ದರೆ ತಾರ ಸ್ಥಾಯಿ, ಕೆಳಗೆ ಇದ್ದರೆ ಮಂದ್ರ. ಸ್ವರಗಳ ಮೇಲೆ ಒಂದು ಗೆರೆ ಎಳೆದಿದ್ದರೆ ಅವು ಎರಡನೇ ಕಾಲದವು, ಎರಡು ಗೆರೆ ಇದ್ದರೆ ಮೂರನೇ ಕಾಲ. ಮುಂದೆ ಅಲಂಕಾರ ಎಂಬ ಪಾಠಕ್ಕೆ ಬಂದಾಗ ರೂಪಕದಲ್ಲಿ ಹೀಗೆ ನೋಡುತ್ತೀರಿ:

ಸ ರಿ | ಸ ರಿ ಗ ಮ ||
ರಿ ಗ | ರಿ ಗ ಮ ಪ ||

ತಕಧಿಮಿಯವರು ಹೇಳಿದ 2+4 ಇಲ್ಲಿದೆ. ಮೊದಲ ಗೆರೆಗೆ ತಟ್ಟಿ ಮಗುಚುವುದು ಮುಗಿಯಬೇಕು, ಜೋಡಿ ಗೆರೆಗೆ ಬೆರಳೆಣಿಕೆ ಮುಗಿಯಬೇಕು. ಗೆರೆಗಳನ್ನು ಕಣ್ಣಿನಿಂದ ಓದಬೇಡಿ, ಕೈಯಿಂದ ಓದಿ.

15ನೇ ಮೇಳದ ಪ್ರಶ್ನೆಯೂ ಬಾಕಿ ಇದೆ. 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 72 ಮೇಳಗಳ, ಅಂದರೆ ಏಳು ಸ್ವರಗಳ ಮೂಲ ಜೋಡಣೆಗಳ, ಚೌಕಟ್ಟು ಹಾಕಿಕೊಟ್ಟರು. ರಿ-ಗ ಜೋಡಿ ಆರು ಬಗೆ, ದ-ನಿ ಜೋಡಿ ಆರು ಬಗೆ, ಒಟ್ಟು 36. ಮ ಎರಡು ಬಗೆ, ಹಾಗಾಗಿ 72. ಇಂದು ನಾವು ಬಳಸುವ ಹೆಸರುಗಳ ಮೊದಲ ಎರಡು ಅಕ್ಷರದಲ್ಲೇ ಸಂಖ್ಯೆ ಅಡಗಿದೆ. ಪವರ್ಗದಲ್ಲಿ "ಮ" ಐದನೆಯದು. "ಯ" ಯವರ್ಗದ ಮೊದಲನೆಯದು. 5, 1. ತಿರುಗಿಸಿ ಓದಿ, 15. ಮೇಚಕಲ್ಯಾಣಿ: ಮ 5, ಚ 6 (ಚವರ್ಗವನ್ನು ಬೇರೆ ಎಣಿಸುವುದಿಲ್ಲ, ಕ-ದಿಂದಲೇ ಎಣಿಕೆ ಮುಂದುವರಿಯುತ್ತದೆ). ತಿರುಗಿಸಿದರೆ 65.


ದೂರದ ಅಮ್ಮ (ಡಲ್ಲಾಸ್)

ನಡುವೆ ನನ್ನದೊಂದು ಕಷ್ಟ ಹೇಳಿಕೊಳ್ಳುತ್ತೇನೆ. ಮಗಳಿಗೆ ಒಂಬತ್ತು ವರ್ಷ. ಮೂರು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ, ಐದು ಗೆರೆಯ ಬರಹ ಚೆನ್ನಾಗಿ ಓದುತ್ತಾಳೆ. ಈಗ ಶನಿವಾರ ಕರ್ನಾಟಕ ಸಂಗೀತದ ಪಾಠ. ಶುರುವಿನಲ್ಲಿ ಸುಲಭ ಆಗಲಿ ಎಂದು ನಾನೇ ಪಿಯಾನೋ ಪಟ್ಟಿಗಳ ಮೇಲೆ ಸ ರಿ ಗ ಮ ಚೀಟಿ ಅಂಟಿಸಿದೆ, ಸಿ ಪಟ್ಟಿಗೆ ಸ ಎಂದು. ಈಗ ಅವಳ ಮೇಷ್ಟ್ರು ಜಿ ಶ್ರುತಿಯಲ್ಲಿ ಸ ಹಾಡಿಸಿದರೆ "ಅದು ಸ ಅಲ್ಲ, ಪ" ಎಂದು ಹಟ ಹಿಡಿಯುತ್ತಾಳೆ.


ವೀಣೆ ಮೇಡಂ

ಮೊದಲು ಆ ಚೀಟಿಗಳನ್ನು ಕಿತ್ತುಬಿಡಿ. ಮಗು ತಪ್ಪು ಹೇಳುತ್ತಿಲ್ಲ, ನೀವು ಅಂಟಿಸಿದ್ದನ್ನೇ ಹೇಳುತ್ತಿದ್ದಾಳೆ. ಐದು ಗೆರೆಯ ಬರಹದಲ್ಲಿ ಒಂದೊಂದು ಗೆರೆಗೂ ಒಂದು ಗೊತ್ತಾದ ಎತ್ತರ ಇದೆ. ನಮ್ಮ ಬರಹ ಎತ್ತರ ಹೇಳುವುದಿಲ್ಲ, ಸಂಬಂಧ ಹೇಳುತ್ತದೆ. "ಅಮ್ಮ" ಎಂಬುದು ಹೆಸರಲ್ಲ, ಅಲ್ವಾ? ಪ್ರತಿ ಮನೆಯಲ್ಲೂ ಒಬ್ಬರು ಅಮ್ಮ ಇರುತ್ತಾರೆ. ಹಾಗೇ ಪ್ರತಿ ಶ್ರುತಿಗೂ ಒಂದು ಸ. ಮಗುವಿಗೆ ಹೀಗೆ ಹೇಳಿ, ಒಂದೇ ದಿನದಲ್ಲಿ ತಿಳಿಯುತ್ತದೆ.


ಕಂಪನಾಂಕ

ಇನ್ನೊಂದು ಆಟ ಆಡಿಸಿ. ಈ ಹೊತ್ತು ಸಿ ಸ, ನಾಳೆ ಡಿ ಸ, ನಾಡಿದ್ದು ಜಿ ಸ ಎಂದು ಮಾಡಿ, ಅದೇ ಸ ರಿ ಗ ಮ ನುಡಿಸಲಿ. ಪ್ರತಿ ಸಲ ಕಪ್ಪು ಬಿಳಿ ಪಟ್ಟಿ ಬೇರೆ ಬರುತ್ತದೆ, ಕಿವಿಗೆ ರಾಗ ಅದೇ ಇರುತ್ತದೆ. ಪಾಶ್ಚಾತ್ಯರಲ್ಲೂ ಈ ವಿಚಾರ ಇದೆ. 11ನೇ ಶತಮಾನದ ಇಟಲಿಯ ಗೀದೋ ಎಂಬ ಸನ್ಯಾಸಿ ಹುಡುಗರಿಗೆ ಹಾಡು ಬೇಗ ಕಲಿಸಲು ಉತ್, ರೇ, ಮಿ, ಫಾ, ಸೋಲ್, ಲಾ ಎಂಬ ಹೆಸರು ಹಿಡಿದ. ಒಂದು ಪ್ರಾರ್ಥನಾ ಗೀತೆಯ ಸಾಲುಗಳ ಮೊದಲ ಉಚ್ಚಾರಗಳು ಅವು. ಅವನ ಮಕ್ಕಳೂ ಎತ್ತರವನ್ನಲ್ಲ, ನಡುವಿನ ದೂರವನ್ನೇ ಬಾಯಿಪಾಠ ಮಾಡುತ್ತಿದ್ದರು. ನಿಮ್ಮ ಮಗಳಿಗೆ ಎರಡೂ ಬರಹ ಬಂದರೆ ಅದು ದೊಡ್ಡ ಆಸ್ತಿ, ಬಿಡಿಸಬೇಡಿ.


ಬಾಯಿಪಾಠ

ವೀಣೆ ಮೇಡಂ, ನಿಮ್ಮ ಉತ್ತರ ಮತ್ತೆ ಮತ್ತೆ ಓದಿದೆ. ಅಜ್ಜಿ ತೀರಿಕೊಂಡು ಹದಿನಾಲ್ಕು ವರ್ಷ. ಅವರು ಹಾಡುತ್ತಿದ್ದ ಎರಡು ದೇವರನಾಮಗಳ ಚರಣ ಈಗ ನನಗೇ ಪೂರ್ತಿ ನೆನಪಿಲ್ಲ. ಬರೆದಿಟ್ಟಿದ್ದರೆ ಇರುತ್ತಿತ್ತು. ಉಳಿದಿರುವುದನ್ನು ಈ ವಾರ ಸ್ವರ ಹಾಕಿ ಬರೆಯಲು ಕೂರುತ್ತೇನೆ. ತಪ್ಪಿದ್ದರೆ ತಿದ್ದಿಕೊಡುತ್ತೀರಾ?


ವೀಣೆ ಮೇಡಂ

ಖಂಡಿತ. ಹಾಡಿ ಧ್ವನಿಮುದ್ರಣವನ್ನೂ ಕಳಿಸಿ, ಎರಡನ್ನೂ ಇಟ್ಟುಕೊಂಡು ನೋಡುತ್ತೇನೆ.


ಹೊಸ ಹಾಡುಗಾರ್ತಿ

ಮೂರು ವಾರ ಆಯಿತು, ಆದದ್ದನ್ನು ಹೇಳಬೇಕು ಎಂದು ಬಂದೆ. ವಿಡಿಯೋ ಬಿಟ್ಟೆ. ಬೆಳಿಗ್ಗೆ ಐದೂವರೆಗೆ ಎದ್ದು ಬರೀ ಸ ಹಿಡಿಯುತ್ತೇನೆ, ಆಮೇಲೆ ಸ ನಿ ದ ಪ, ಪ ಮೇಲೆ ನಿಲ್ಲುವುದು. ಮೊದಲ ವಾರ ಪ ಸೇರಲೇ ಇಲ್ಲ. ಎರಡನೇ ವಾರ ಕೆಲವೊಮ್ಮೆ ಸೇರಿತು. ಕಳೆದ ಭಾನುವಾರ ಪ ಹಿಡಿದು ಉಸಿರು ಮುಗಿದು ಸುಮ್ಮನಾದೆ. ತಂಬೂರಿ ಮಾತ್ರ ಕೇಳುತ್ತಿತ್ತು. ಅದರೊಳಗೆ ಎಲ್ಲೋ ಮೇಲೆ, ತೆಳ್ಳಗೆ, ಗ ಕೇಳಿಸಿತು. ಆಪ್ ನಿಲ್ಲಿಸಿ ಮತ್ತೆ ಹಾಕಿದೆ. ಮತ್ತೆ ಕೇಳಿಸಿತು. ಮನೆಯವರನ್ನು ಕರೆದು ಕೇಳಿಸಿದೆ. ಅವರಿಗೆ ಗೊತ್ತಾಗಲಿಲ್ಲ, ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು.

ಕೈ ಎರಡನೇ ಕಾಲದಲ್ಲಿ ಈಗ ನಿಲ್ಲುತ್ತದೆ. ಮೂರನೇ ಕಾಲದಲ್ಲಿ ಇನ್ನೂ ಸ್ವಲ್ಪ ಓಡುತ್ತದೆ. ಆದರೂ ಮೇಡಂ ನಿನ್ನೆ ಜಂಟಿ ವರಸೆ ಶುರು ಮಾಡಿಸಿದರು. ಸಸ ರಿರಿ ಗಗ ಮಮ. ನಾನು ಎರಡು ಸ್ವರವನ್ನೂ ಒಂದೇ ಸಮ ಹಾಡುತ್ತೇನೆ, ಅವರು ಹಾಡಿದಾಗ ಬೇರೆ ಕೇಳುತ್ತದೆ. ಏನು ವ್ಯತ್ಯಾಸ?


ವೀಣೆ ಮೇಡಂ

ಎರಡನೇ ಸ್ವರಕ್ಕೆ ಒತ್ತು ಕೊಡಿ. ಗಗ ಹಾಡುವಾಗ ಎರಡನೇ ಗ-ಗೆ ಹೋಗುವ ಮುಂಚೆ ಕಂಠ ಕೆಳಗಿನ ರಿ-ಯನ್ನು ಕ್ಷಣಮಾತ್ರ ಮುಟ್ಟಿ ಬರಲಿ. ಮೊದಲು ನಿಧಾನವಾಗಿ, ಒಂದನೇ ಕಾಲದಲ್ಲೇ ಮಾಡಿ.